ಮೋಡದ ನೆತ್ತಿಯಷ್ಟೇ ಕಾಣುವ ರೇಡಾರ್

ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಕಳಚುವ ನಿದ್ದೆಯಿಂದ, ಎದ್ದ ರೇಷ್ಮೆ ಹುಳುವಿನ ಹಸಿವು ದೊಡ್ಡದು. ಜೀವಮಾನದಲ್ಲಿ ತಿನ್ನುವ ಸೊಪ್ಪಿನ ಶೇ. 80ಕ್ಕೂ ಹೆಚ್ಚು ಪಾಲನ್ನು ಅದು ಮುಂದಿನ ಏಳೆಂಟು ದಿನಗಳಲ್ಲೇ ಮುಗಿಸುತ್ತದೆ. ಆ ಸೊಪ್ಪು ಒದ್ದೆಯಾಗಿರಬಾರದು. ನೀರು ತೊಟ್ಟಿಕ್ಕುವ ಸೊಪ್ಪು ಹಾಕಿದರೆ ಹುಳುಮನೆಯಲ್ಲಿ ತೇವ ಏರುತ್ತದೆ, ಸಪ್ಪೆ ರೋಗಕ್ಕೋ ಸುಣ್ಣಕಟ್ಟು ರೋಗಕ್ಕೋ ದಾರಿಯಾಗುತ್ತದೆ. ಹಾಗೆಂದು ಮಧ್ಯಾಹ್ನವೇ ಕುಯ್ದು ರಾಶಿ ಹಾಕಿದರೆ ಬಾಡುತ್ತದೆ. ಮಾಗಡಿ ತಾಲ್ಲೂಕಿನ ಕಲ್ಯವಿರಲಿ, ಕನಕಪುರದ ಕಡೆಯ ಊರುಗಳಿರಲಿ, ಏಪ್ರಿಲ್-ಮೇ ತಿಂಗಳಲ್ಲಿ ಮೋಡ ಕಪ್ಪಿಟ್ಟಾಗ ಬೆಳೆಗಾರರ ಮುಂದಿರುವ ಪ್ರಶ್ನೆ ಒಂದೇ: ಈಗಲೇ ಕುಡುಗೋಲು ಹಿಡಿಯಬೇಕೋ, ಇನ್ನೊಂದು ಗಂಟೆ ಕಾಯಬಹುದೋ?

ಈಗ ಈ ಲೆಕ್ಕಕ್ಕೆ ಫೋನು ಬಂದಿದೆ. ‘ಲೈವ್ ರೇಡಾರ್’ ಎಂಬ ಆ್ಯಪ್ ತೆರೆದರೆ ನಕಾಶೆಯ ಮೇಲೆ ಹಸಿರು, ಹಳದಿ, ಕೆಂಪು ಮೋಡಗಳು ತೇಲುತ್ತವೆ. ಪರದೆಯೆಲ್ಲ ಕೆಂಪಾಗಿತ್ತು, ಅಂಗಳದಲ್ಲಿ ಒಂದು ಹನಿಯೂ ಬೀಳಲಿಲ್ಲವಲ್ಲ, ಯಾಕೆ ಎಂದು ಕೇಳುವವರೂ ಹೆಚ್ಚಾಗಿದ್ದಾರೆ. ನ್ಯಾಯವಾದ ಪ್ರಶ್ನೆ.

ರೇಡಾರ್‌ಗೂ ಗುಡುಗು ಮಳೆಗೂ ಹುಟ್ಟಿನಿಂದಲೇ ನಂಟು. ಬ್ರಿಟನ್ನಿನ ರಾಬರ್ಟ್ ವಾಟ್ಸನ್-ವಾಟ್ ವೃತ್ತಿ ಆರಂಭಿಸಿದ್ದೇ ಹವಾಮಾನ ಇಲಾಖೆಯಲ್ಲಿ. ಮಿಂಚಿನಿಂದ ರೇಡಿಯೊದಲ್ಲಿ ಏಳುವ ಗರಗರ ಸದ್ದಿನ ಜಾಡು ಹಿಡಿದು, ಗುಡುಗು ಮಳೆ ಎಲ್ಲಿದೆಯೆಂದು ವಿಮಾನ ಚಾಲಕರಿಗೆ ತಿಳಿಸುವುದು ಅವರ ಕೆಲಸವಾಗಿತ್ತು. 1935ರ ಫೆಬ್ರುವರಿ 26ರಂದು ಡ್ಯಾವೆಂಟ್ರಿ ಎಂಬಲ್ಲಿ, ಬಿಬಿಸಿ ಪ್ರಸಾರ ಕೇಂದ್ರದ ಅಲೆಗಳು ಹಾರುತ್ತಿದ್ದ ವಿಮಾನಕ್ಕೆ ಬಡಿದು ಮರಳುವುದನ್ನು ಅವರ ತಂಡ ತೋರಿಸಿತು. ಎರಡನೇ ಮಹಾಯುದ್ಧದಲ್ಲಿ ಶತ್ರು ವಿಮಾನ ಹುಡುಕುತ್ತಿದ್ದವರ ಪರದೆ ಮೇಲೆ ಮಳೆಯೂ ಮೂಡತೊಡಗಿತು. ಸೈನಿಕರಿಗೆ ಅದು ಕಾಟ, ಹವಾಮಾನ ತಜ್ಞರಿಗೆ ನಿಧಿ.

ಮರಳಿ ಬಂದ ಅಲೆಯಿಂದ ಎಷ್ಟು ಮಳೆಯೆಂದು ಹೇಳುವುದು ಹೇಗೆ? ಕೆನಡಾದ ಮಾರ್ಷಲ್ ಮತ್ತು ಪಾಮರ್ 1948ರಲ್ಲಿ ಇದಕ್ಕೆ ತಳಹದಿ ಹಾಕಿದರು. ರಾಗಿ ಸೀಮೆಯವರಿಗೆ ಅದನ್ನು ಕಾಳಿನಲ್ಲೇ ಹೇಳಬಹುದು. ರಾಗಿಯಂಥ ಸಣ್ಣ ಹನಿ ಒಂದು ಮಿ.ಮೀ. ಅಗಲದ್ದು, ಅದಕ್ಕಿಂತ ದಪ್ಪನೆಯದು ಮೂರು ಮಿ.ಮೀ. ಅಗಲದ್ದು ಎಂದಿಟ್ಟುಕೊಳ್ಳಿ. ದೊಡ್ಡ ಹನಿಯಲ್ಲಿರುವ ನೀರು 27 ಸಣ್ಣ ಹನಿಗಳಷ್ಟು. ಆದರೆ ಅದು ರೇಡಾರ್‌ಗೆ ಮರಳಿಸುವ ಅಲೆ 729 ಸಣ್ಣ ಹನಿಗಳಷ್ಟು! ಅಗಲ ಮೂರು ಪಟ್ಟಾದರೆ ಮೂರನ್ನು ಆರು ಸಲ ಗುಣಿಸಬೇಕು, ಲೆಕ್ಕ ಇಷ್ಟೇ. ಹೀಗಾಗಿ ದಪ್ಪ ಹನಿಯ ಸ್ವಲ್ಪ ಹೊತ್ತಿನ ಮಳೆ ಪರದೆಯಲ್ಲಿ ಕೆಂಡವಾಗಿ ಕಾಣುತ್ತದೆ, ಗಂಟೆಗಟ್ಟಲೆ ಹಿಡಿದ ಜಿಟಿಜಿಟಿ ಮಳೆ ತೆಳು ಹಸಿರಾಗಿ ಉಳಿಯುತ್ತದೆ. ಮಾವಿನ ತೋಪಿನ ವೈರಿಯಾದ ಆಲಿಕಲ್ಲು ಸೇರಿದರಂತೂ ಕೆಂಪು ಇನ್ನೂ ದಟ್ಟ.

ರಾಮನಗರ ಸೀಮೆಗೆ ಇದಕ್ಕಿಂತ ದೊಡ್ಡ ತೊಡಕು ದೂರದ್ದು. ಚೆನ್ನೈನಲ್ಲಿ 2002ರಿಂದ ಭಾರತೀಯ ಹವಾಮಾನ ಇಲಾಖೆಯ ಡಾಪ್ಲರ್ ರೇಡಾರ್ ಇದೆ. ಅಲ್ಲಿಂದ ರಾಮನಗರ ನೇರ ಗೆರೆಯಲ್ಲಿ ಸುಮಾರು 330 ಕಿ.ಮೀ. ರೇಡಾರ್ ಕಿರಣವನ್ನು ನೆಲಕ್ಕಿಂತ ಅರ್ಧ ಡಿಗ್ರಿ ಮೇಲಕ್ಕೆ ಬಿಟ್ಟರೆ, ಭೂಮಿ ಕೆಳಗೆ ಬಾಗುತ್ತ ಹೋಗುವುದರಿಂದ, ರಾಮನಗರ ತಲುಪುವ ಹೊತ್ತಿಗೆ ಕಿರಣ ಒಂಬತ್ತು ಕಿ.ಮೀ. ಆಸುಪಾಸಿನ ಎತ್ತರದಲ್ಲಿರುತ್ತದೆ. ಒಂದು ಡಿಗ್ರಿ ಅಗಲದ ಕಿರಣ ಅಷ್ಟು ದೂರದಲ್ಲಿ ಹರಡಿ ಐದು ಕಿ.ಮೀ.ಗೂ ದಪ್ಪವಾಗಿರುತ್ತದೆ. ದೂರದಿಂದ ಬರುವವರಿಗೆ ಸಾವನದುರ್ಗದ ನೆತ್ತಿ ಮಾತ್ರ ಕಂಡಂತೆ ಇದು. ಬುಡದಲ್ಲಿ ಏನು ನಡೆಯುತ್ತಿದೆಯೆಂದು ಆ ನೋಟ ಹೇಳಲಾರದು. ಬೇಸಿಗೆಯ ಗುಡುಗು ಮೋಡ ಹನ್ನೆರಡು ಕಿ.ಮೀ. ದಾಟಿ ಬೆಳೆಯುವುದರಿಂದ ಅದರ ತಲೆ ಸಿಗಬಹುದು. ಆದರೆ ಆ ತಲೆ ಗಾಳಿಗೆ ಸಿಕ್ಕಿ ಒಂದು ಊರಿನ ಮೇಲೆ ಚಾಚಿಕೊಂಡಿದ್ದರೆ ಮಳೆ ಮತ್ತೊಂದು ಊರಿನಲ್ಲಿ ಸುರಿಯುತ್ತಿರುತ್ತದೆ. ಮುಂಗಾರಿನ ಗಿಡ್ಡ ಮೋಡಗಳು ಕಿರಣದ ಕೆಳಗೇ ನುಸುಳಿ ಹೋಗುತ್ತವೆ.

ಇಂಥ ಕಡೆಗಳಲ್ಲಿ ಹಲವು ಆ್ಯಪ್‌ಗಳು ಉಪಗ್ರಹ ಚಿತ್ರವನ್ನೋ ಕಂಪ್ಯೂಟರಿನ ಅಂದಾಜನ್ನೋ ಅದೇ ಬಣ್ಣಗಳಲ್ಲಿ ತುಂಬುತ್ತವೆ. ಅದಕ್ಕೂ ರೇಡಾರ್ ಎಂದೇ ಹೆಸರಿಡುವುದು ತಪ್ಪು. ಹುಳು ಸಾಕುವವರು ನಂಬಿ ಕೂರುವ ಮಾತು ಅದು.

ಹಾಗಾದರೆ ಬೆಳೆಗಾರರು ಏನು ನೋಡಬೇಕು? ಒಂದೇ ಚಿತ್ರವನ್ನಲ್ಲ, ಅರ್ಧ ಗಂಟೆಯ ಚಲನೆಯನ್ನು. ಮೋಡದ ಗುಂಪು ಯಾವ ಕಡೆಗೆ ಸರಿಯುತ್ತಿದೆ, ಹಿಗ್ಗುತ್ತಿದೆಯೋ ಕುಗ್ಗುತ್ತಿದೆಯೋ ಎಂಬುದು ಬಣ್ಣಕ್ಕಿಂತ ಹೆಚ್ಚು ಹೇಳುತ್ತದೆ. ಜೊತೆಗೆ ನೆಲದ ಸಾಕ್ಷಿ ಬೇಕು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದವರೆಗೂ ಸ್ವಯಂಚಾಲಿತ ಮಳೆಮಾಪಕಗಳನ್ನು ನೆಟ್ಟಿದೆ. ಅವು 15 ನಿಮಿಷಕ್ಕೊಮ್ಮೆ ಲೆಕ್ಕ ಕಳುಹಿಸುತ್ತವೆ. ಅದೇ ಕೇಂದ್ರದ ‘ವರುಣಮಿತ್ರ’ ಸಹಾಯವಾಣಿಯಲ್ಲಿ ಊರಿನ ಹೆಸರು ಹೇಳಿ ಕನ್ನಡದಲ್ಲೇ ಕೇಳಬಹುದು. ಪಕ್ಕದ ಹೋಬಳಿಯಲ್ಲಿ ಈಗಾಗಲೇ ಮಳೆ ಬಿದ್ದಿದೆಯೆಂದು ತಿಳಿದರೆ ಕುಡುಗೋಲು ಹಿಡಿಯಲು ಅಷ್ಟು ಸಾಕು. ಸಿಡಿಲಿಗೆ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಇದೆ.

ಆದರೆ ಮಳೆಮಾಪಕ ಹೇಳುವುದು ಬಿದ್ದ ಮಳೆಯನ್ನು, ಬರಲಿರುವುದನ್ನಲ್ಲ. 2022ರ ಆಗಸ್ಟ್ ಕೊನೆಯಲ್ಲಿ ಕೆರೆಗಳು ಉಕ್ಕಿ, ರಾಮನಗರದ ಮನೆಗಳಿಗೂ ಬೆಂಗಳೂರು-ಮೈಸೂರು ಹೆದ್ದಾರಿಗೂ ನೀರು ನುಗ್ಗಿದ್ದನ್ನು ಈ ಸೀಮೆ ಮರೆತಿಲ್ಲ. ಬೆಂಗಳೂರಿಗೆ ಡಾಪ್ಲರ್ ರೇಡಾರ್ ಬೇಕೆಂಬ ಬೇಡಿಕೆಯನ್ನು ರಾಜಧಾನಿಯ ಟ್ರಾಫಿಕ್ ಮತ್ತು ಮುಳುಗುವ ಬಡಾವಣೆಗಳ ಮಾತಾಗಿಯೇ ಆಡಲಾಗುತ್ತದೆ. ಅದು ರೇಷ್ಮೆ, ರಾಗಿ, ಮಾವು ಬೆಳೆಯುವವರ ಬೇಡಿಕೆಯೂ ಆಗಬೇಕು. ಬೆಂಗಳೂರಿನಿಂದ ಹೊರಟ ರೇಡಾರ್ ಕಿರಣ ಮಾಗಡಿಯ ಮೇಲೆ ಹಾಯುವುದು ಅರ್ಧ ಕಿ.ಮೀ. ಎತ್ತರದಲ್ಲಿ.