ತಂತಿರಹಿತ ಉಪಕರಣಗಳ ಬ್ಯಾಟರಿ ಸಂರಕ್ಷಣೆ

ತಂತಿರಹಿತ ಉಪಕರಣಗಳ ಬ್ಯಾಟರಿ ಸಂರಕ್ಷಣೆ ಎಂದರೆ ಡ್ರಿಲ್, ಗರಗಸ, ಕಳೆ ಕತ್ತರಿಸುವ ಯಂತ್ರ, ಔಷಧಿ ಸಿಂಪಡಿಸುವ ಪಂಪು ಮೊದಲಾದವುಗಳ ಬ್ಯಾಟರಿಗಳನ್ನು ಅತಿಯಾದ ಶಾಖ ಮತ್ತು ಚಳಿಯಿಂದ ಕಾಪಾಡಿ ಇಡುವ ಹಾಗೂ ಚಾರ್ಜ್ ಮಾಡುವ ಕ್ರಮ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಆನವಟ್ಟಿ ಹಾಗೂ ನೆರೆಯ ಶಿಕಾರಿಪುರದಂತಹ ಅರೆಮಲೆನಾಡಿನಲ್ಲಿ ಇವುಗಳನ್ನು ಬಡಗಿಗಳೂ ರೈತರೂ ಬಳಸುತ್ತಾರೆ.

ವಿಧಗಳು

ಇಂದಿನ ಬಹುತೇಕ ಉಪಕರಣಗಳಲ್ಲಿ ಲಿಥಿಯಂ-ಅಯಾನ್ ಬ್ಯಾಟರಿ ಇರುತ್ತದೆ. ಇದನ್ನು 1991ರಲ್ಲಿ ಜಪಾನಿನ ಸೋನಿ ಸಂಸ್ಥೆ ಮೊದಲು ಮಾರುಕಟ್ಟೆಗೆ ತಂದಿತು. ಇದರ ಅಭಿವೃದ್ಧಿಗಾಗಿ ಜಾನ್ ಗುಡೆನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರಾ ಯೋಶಿನೊ ಅವರಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. ಬೆನ್ನಿಗೆ ಹೊರುವ ಅನೇಕ ಪಂಪುಗಳಲ್ಲಿ 12 ವೋಲ್ಟಿನ ಸೀಸ-ಆಮ್ಲ ಬ್ಯಾಟರಿ ಇರುತ್ತದೆ. ಈ ಎರಡು ವಿಧಗಳನ್ನು ಕಾಪಾಡುವ ಕ್ರಮಗಳು ಬೇರೆ ಬೇರೆಯಾಗಿವೆ.

ಶಾಖದ ಪರಿಣಾಮ

ಶಾಖ ಹೆಚ್ಚಿದಂತೆ ಬ್ಯಾಟರಿಯೊಳಗಿನ ಅನಪೇಕ್ಷಿತ ರಾಸಾಯನಿಕ ಕ್ರಿಯೆಗಳು ಚುರುಕಾಗಿ, ಅದರ ಧಾರಣಶಕ್ತಿ ಶಾಶ್ವತವಾಗಿ ಕುಗ್ಗುತ್ತದೆ. ಪೂರ್ಣ ಚಾರ್ಜ್ ಆಗಿರುವ ಲಿಥಿಯಂ ಬ್ಯಾಟರಿಗೆ ಈ ಹಾನಿ ಅಧಿಕ. ಮಲೆನಾಡಿನ ಮನೆಗಳಲ್ಲಿ ಬಿತ್ತನೆ ಬೀಜವನ್ನು ಬೆಚ್ಚಗಿನ ಅಟ್ಟದಲ್ಲಿ ಇಡುವ ರೂಢಿಯಿದೆ. ಬೀಜಕ್ಕೆ ಹಿತವಾದ ಆ ಜಾಗ ಬ್ಯಾಟರಿಗೆ ಹಿತವಲ್ಲ. ಬೇಸಿಗೆಯಲ್ಲಿ ತಗಡಿನ ಕೊಟ್ಟಿಗೆ ಮತ್ತು ಬಿಸಿಲಿನಲ್ಲಿ ನಿಲ್ಲಿಸಿದ ವಾಹನದ ಒಳಭಾಗವೂ ಅಪಾಯಕಾರಿ.

ಚಳಿಯ ಪರಿಣಾಮ

0 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಅಯಾನುಗಳು ಗ್ರಾಫೈಟಿನೊಳಗೆ ಸೇರಲಾಗದೆ ಅದರ ಮೇಲ್ಮೈಯಲ್ಲಿ ಲೋಹವಾಗಿ ಕೂರುತ್ತವೆ. ಇದರಿಂದ ಧಾರಣಶಕ್ತಿ ನಷ್ಟವಾಗುವುದಲ್ಲದೆ ಒಳಗೆ ಶಾರ್ಟ್ ಸರ್ಕ್ಯೂಟ್ ಆಗುವ ಸಂಭವವೂ ಉಂಟು. ಆನವಟ್ಟಿಯಲ್ಲಿ ಇಂತಹ ಚಳಿ ಇಲ್ಲ. ಆದರೆ ಲಡಾಖ್ ಅಥವಾ ಕೆನಡಾದಂತಹ ಪ್ರದೇಶಗಳಲ್ಲಿ ಬ್ಯಾಟರಿಯನ್ನು ಮನೆಯೊಳಗೆ ತಂದು, ಅದು ಕೋಣೆಯ ಉಷ್ಣತೆಗೆ ಬಂದು ಮೇಲಿನ ತೇವ ಆರಿದ ಮೇಲೆಯೇ ಚಾರ್ಜ್ ಮಾಡಬೇಕು. ಚಳಿಯಲ್ಲಿ ಬಳಸುವಾಗ ಶಕ್ತಿ ಕಡಿಮೆಯಾದಂತೆ ಕಂಡರೂ ಬ್ಯಾಟರಿ ಬೆಚ್ಚಗಾದಾಗ ಅದು ಮರಳುತ್ತದೆ.

ಅನುಸರಿಸಬೇಕಾದ ಕ್ರಮಗಳು

* ಲಿಥಿಯಂ ಬ್ಯಾಟರಿಯನ್ನು ಸಾಮಾನ್ಯವಾಗಿ 0ಯಿಂದ 45 ಡಿಗ್ರಿ ಸೆಲ್ಸಿಯಸ್ ನಡುವೆ ಚಾರ್ಜ್ ಮಾಡಬಹುದು. ತಯಾರಕರು ಸೂಚಿಸಿದ ಮಿತಿಯೇ ಅಂತಿಮ.
* ಕೆಲಸ ಮುಗಿಸಿದ ಬಿಸಿ ಬ್ಯಾಟರಿಯನ್ನು ನೆರಳಿನಲ್ಲಿ ತಣಿಯಲು ಬಿಟ್ಟು, ಅನಂತರ ಚಾರ್ಜರಿಗೆ ಹಾಕಬೇಕು.
* ತಿಂಗಳುಗಟ್ಟಲೆ ಬಳಸದಿದ್ದಲ್ಲಿ ಲಿಥಿಯಂ ಬ್ಯಾಟರಿಯನ್ನು ಸುಮಾರು ಅರ್ಧ ಚಾರ್ಜಿನಲ್ಲಿ, ಉಪಕರಣದಿಂದ ಬಿಡಿಸಿ, ತಂಪಾದ ಒಣ ಜಾಗದಲ್ಲಿ ಇಡಬೇಕು.
* ಸೀಸ-ಆಮ್ಲ ಬ್ಯಾಟರಿಯನ್ನು ಪೂರ್ಣ ಚಾರ್ಜ್ ಮಾಡಿಯೇ ಇಡಬೇಕು ಮತ್ತು ಎರಡು-ಮೂರು ತಿಂಗಳಿಗೊಮ್ಮೆ ಮತ್ತೆ ಚಾರ್ಜ್ ಮಾಡಬೇಕು. ಬರಿದಾಗಿ ಇಟ್ಟರೆ ಫಲಕಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟಿ ಬ್ಯಾಟರಿ ನಿರುಪಯುಕ್ತವಾಗುತ್ತದೆ. ಸಿಂಪಡಣೆಯ ಹಂಗಾಮು ಮುಗಿದೊಡನೆ ಪಂಪನ್ನು ಹಾಗೆಯೇ ಮೂಲೆಗಿಟ್ಟರೆ ಮುಂದಿನ ವರ್ಷ ಹೊಸ ಬ್ಯಾಟರಿ ಕೊಳ್ಳಬೇಕಾದೀತು.
* ಮಳೆಗಾಲದಲ್ಲಿ ತುದಿಗಳಿಗೆ ತೇವ ಹಾಗೂ ಔಷಧಿಯ ಅಂಶ ತಾಗದಂತೆ ಒಣಬಟ್ಟೆಯಿಂದ ಒರೆಸಿಡಬೇಕು.

ಸುರಕ್ಷತೆ ಮತ್ತು ವಿಲೇವಾರಿ

ಉಬ್ಬಿದ, ಬಿರುಕುಬಿಟ್ಟ ಅಥವಾ ನೀರಿನಲ್ಲಿ ಮುಳುಗಿದ ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡಬಾರದು, ಬಿಚ್ಚಲೂ ಬಾರದು. ಒಣಹುಲ್ಲು ಅಥವಾ ಅಡಿಕೆ ಸಿಪ್ಪೆಯ ರಾಶಿಯ ಬಳಿ ಯಾವ ಬ್ಯಾಟರಿಯನ್ನೂ ಚಾರ್ಜಿಗೆ ಇಡಬಾರದು. ಭಾರತದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022ರ ಪ್ರಕಾರ ಹಳೆಯ ಬ್ಯಾಟರಿಗಳನ್ನು ಇತರ ಕಸದೊಡನೆ ಬೆರೆಸದೆ ಪ್ರತ್ಯೇಕವಾಗಿ ಒಪ್ಪಿಸುವುದು ಬಳಕೆದಾರರ ಹೊಣೆಯಾಗಿದೆ.