ಗಾಳ ಮತ್ತು ದುರ್ಬೀನು

ಕೆಂಗೇರಿ ಉಪನಗರದ ನಮ್ಮ ಮನೆಯಿಂದ ಕೆಂಗೇರಿ ಕೆರೆಗೆ ನಡೆದೇ ಹೋಗಬಹುದು. ರಜಾದಿನಗಳಲ್ಲಿ ಬೆಳಗಿನ ಜಾವಕ್ಕೆ ಎದ್ದು, ದುರ್ಬೀನನ್ನು ಕೊರಳಿಗೆ ಹಾಕಿಕೊಂಡು, ಹಕ್ಕಿಗಳನ್ನು ನೋಡಲು ಅಲ್ಲಿಗೆ ಹೋಗುವುದು ನನ್ನ ರೂಢಿ. ಅದೇ ದಡದಲ್ಲಿ ಗಾಳ ಹಿಡಿದು ಕೂರುವವರೂ ಉಂಟು. ಅವರಿಂದ ಹಕ್ಕಿಗಳು ಬೆದರುತ್ತವೆಂದು ನನ್ನ ದೂರು. ನಮ್ಮಂಥವರು ಬಂದು ತಮ್ಮನ್ನು ಎಬ್ಬಿಸುತ್ತಾರೆಂದು ಅವರ ದೂರು.

ಒಂದು ಭಾನುವಾರ ನೀರುಕಾಗೆಯೊಂದು ಜೊಂಡಿನ ನಡುವೆ ಒದ್ದಾಡುತ್ತಿತ್ತು. ಯಾರೋ ಬಿಸುಟ ನೈಲಾನ್ ದಾರ ಅದರ ಕಾಲಿಗೂ ರೆಕ್ಕೆಗೂ ಸುತ್ತಿಕೊಂಡಿತ್ತು. ನಾನು ಮರುಗುತ್ತ ದಡದಲ್ಲೇ ನಿಂತೆ. ಗಾಳ ಹಾಕುತ್ತಿದ್ದ ಹಿರಿಯರೊಬ್ಬರು ಪಂಚೆ ಎತ್ತಿ ಕಟ್ಟಿ ನೀರಿಗಿಳಿದರು; ಹಕ್ಕಿಯ ತಲೆಗೆ ಟವಲು ಮುಚ್ಚಿ, ಬ್ಲೇಡಿನಿಂದ ದಾರ ಕೊಯ್ದು ಬಿಟ್ಟರು. "ಹಿಡಿಯೋಕೆ ಬಂದ್ಮೇಲೆ ಬಿಡಿಸೋಕೂ ಬರಬೇಕಲ್ಲಪ್ಪಾ" ಎಂದರು. ನನಗೆ ನಾಚಿಕೆಯಾಯಿತು. ಅಂದಿನಿಂದ ಈ ವಿಷಯವನ್ನು ವಿಚಾರ ಮಾಡತೊಡಗಿದೆ.

ನಮ್ಮ ಜಗಳ ಸುಳ್ಳಲ್ಲ. ನೈಲಾನ್ ದಾರ ಬೇಗನೆ ಕೊಳೆಯದು. ಗಾಳದ ಭಾರಕ್ಕೆ ಕಟ್ಟುವ ಸೀಸದ ಗುಂಡು ನೀರುಹಕ್ಕಿಯ ಹೊಟ್ಟೆಗೆ ಹೋದರೆ ವಿಷ. ಇಂಗ್ಲೆಂಡಿನಲ್ಲಿ ಹಂಸಗಳು ಹೀಗೆಯೇ ಸಾಯುತ್ತಿದ್ದುದರಿಂದ 1987ರಲ್ಲಿ ಅಂಥ ಗುಂಡುಗಳ ಮಾರಾಟವನ್ನು ನಿರ್ಬಂಧಿಸಿದರು. ಮುಂದೆ ಹಂಸಗಳ ಸಂಖ್ಯೆ ಏರಿತು. ಅಲ್ಲಿ ಗಾಳವನ್ನು ನಿಷೇಧಿಸಬೇಕಾಗಲಿಲ್ಲ, ಗುಂಡನ್ನು ಬದಲಿಸಿದರೆ ಸಾಕಾಯಿತು ಎಂಬುದು ಗಮನಾರ್ಹ.

ಇನ್ನೊಂದು ನಿದರ್ಶನ ನಮ್ಮ ನೀರಿನ ದಾರಿಯಲ್ಲೇ ಇದೆ. ಕೆಂಗೇರಿಯ ಬಳಿ ಹರಿಯುವ ವೃಷಭಾವತಿ ಅರ್ಕಾವತಿಯನ್ನೂ, ಅರ್ಕಾವತಿ ಕನಕಪುರದಾಚೆಯ ಸಂಗಮದಲ್ಲಿ ಕಾವೇರಿಯನ್ನೂ ಸೇರುತ್ತವೆ. ಕಾವೇರಿಯ ದಡದ ಗಾಳಿಬೋರೆಯಲ್ಲಿ ಗಾಳದ ಹವ್ಯಾಸಿಗಳು ಮಹಶೀರ್ ಮೀನನ್ನು ಹಿಡಿದು, ತೂಗಿ, ಬರೆದಿಟ್ಟು, ಮತ್ತೆ ಹೊಳೆಗೆ ಬಿಡುತ್ತಿದ್ದರು. 1998ರಿಂದ 2012ರವರೆಗಿನ ಆ ದಾಖಲೆಗಳನ್ನು ವಿಜ್ಞಾನಿಗಳು ಪರಿಶೀಲಿಸಿದಾಗ, ಕಾವೇರಿಯದೇ ಆದ ಡುಬ್ಬದ ಮಹಶೀರ್ ಕ್ಷೀಣಿಸಿ, ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಜಾತಿ ಹೆಚ್ಚಿದ್ದು ತಿಳಿದುಬಂತು. 2018ರಲ್ಲಿ ಡುಬ್ಬದ ಮಹಶೀರ್ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ದಡದಲ್ಲಿ ನಿಂತು ಹಕ್ಕಿಯನ್ನಷ್ಟೇ ಎಣಿಸುವವರಿಗೆ ಈ ಸಂಗತಿ ತಿಳಿಯುತ್ತಲೇ ಇರಲಿಲ್ಲ.

ನೀರಿನ ಮೇಲಿನ ಲೆಕ್ಕ ನಮ್ಮ ಬಳಿ, ಒಳಗಿನ ಲೆಕ್ಕ ಅವರ ಬಳಿ. ಕೊಳಚೆ ಸೇರಿದಾಗ ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಹೀರಿಬಿಡುತ್ತವೆ. ಮೀನು ಉಸಿರಿಗಾಗಿ ಮೇಲಕ್ಕೆ ಬಂದು ಬಾಯಿ ಬಿಡುತ್ತದೆ, ಕಡೆಗೆ ಸಾಯುತ್ತದೆ. 2016ರ ಮಾರ್ಚಿಯಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದುದನ್ನು ವಾಚಕರು ಮರೆತಿರಲಾರರು. ಮೀನು ಹೋದ ಕೆರೆಗೆ ಮಿಂಚುಳ್ಳಿ ಏತಕ್ಕೆ ಬಂದೀತು? ಗಾಳದವನಾದರೂ ಏಕೆ ಬಂದಾನು? 'ಇಬ್ಬರ ಜಗಳ ಮೂರನೆಯವನಿಗೆ ಲಾಭ' ಎಂಬ ಗಾದೆಯಂತೆ, ನಾವು ಕಿತ್ತಾಡುತ್ತಿದ್ದರೆ ಗೆಲ್ಲುವುದು ಚರಂಡಿ.

ಈಗ ನಾನು ಆ ಹಿರಿಯರ ಪಕ್ಕದಲ್ಲೇ ಕುಳಿತು ಹಕ್ಕಿಗಳನ್ನು ಎಣಿಸುತ್ತೇನೆ. ತುಂಡಾದ ದಾರವನ್ನು ಅವರು ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಗೂಡುಕಟ್ಟುವ ಕಾಲದಲ್ಲಿ ಜೊಂಡಿನ ಬಳಿ ಕೂರುವುದಿಲ್ಲವೆಂದು ಒಪ್ಪಿದ್ದಾರೆ. ಮೀನು ಮೇಲೆ ಬಂದು ಬಾಯಿ ಬಿಡುವುದನ್ನು ಅವರು ಕಂಡ ದಿನ, ಅರ್ಜಿ ಬರೆಯುವ ಕೆಲಸ ನನ್ನದು. ನನ್ನ ಪುಸ್ತಕದಲ್ಲಿ ಹಕ್ಕಿಗಳ ಪಟ್ಟಿಯ ಎದುರು ಪುಟದಲ್ಲಿ ಅವರು ಹೇಳಿದ ಮೀನುಗಳ ಪಟ್ಟಿಯೂ ಇದೆ. ಮಿತ್ರರು ತಮ್ಮ ತಮ್ಮ ಊರಿನ ಕೆರೆಗಳಲ್ಲಿ ಹೀಗೆ ಎರಡು ಪುಟ ತುಂಬಿಸಿದರೆ, ಆ ಕೆರೆಯ ಪರವಾಗಿ ಹೇಳಲು ಎರಡು ಸಾಕ್ಷಿಗಳು ಒದಗುವುವು.