ಹೊಸ ಡ್ರಮ್ ಮಷೀನ್ ಕೊಳ್ಳಬೇಕೇ?

1987ರಲ್ಲಿ ಬಂದ ಇ-ಮು ಎಸ್‌ಪಿ-1200 ಯಂತ್ರದಲ್ಲಿ ಹಿಡಿಯುತ್ತಿದ್ದುದು ಸುಮಾರು 10 ಸೆಕೆಂಡಿನ ಧ್ವನಿ ಮಾತ್ರ. ನ್ಯೂಯಾರ್ಕಿನ ಹಿಪ್‌ಹಾಪ್ ನಿರ್ಮಾಪಕರು ಅದಕ್ಕೊಂದು ಉಪಾಯ ಕಂಡುಕೊಂಡರು. 33ರ ವೇಗದ ರೆಕಾರ್ಡನ್ನು 45ರ ವೇಗದಲ್ಲಿ ಓಡಿಸಿ ಸ್ಯಾಂಪಲ್ ಮಾಡುವುದು, ಆಮೇಲೆ ಯಂತ್ರದೊಳಗೆ ಅದನ್ನು ನಿಧಾನಗೊಳಿಸುವುದು. ಜಾಗ ಉಳಿಯಿತು. ಜೊತೆಗೆ 12 ಬಿಟ್‌ನ ಒರಟು ನಾದವೂ ಸಿಕ್ಕಿತು, ಇಂದಿಗೂ ಜನ ಅದನ್ನು ಹುಡುಕಿಕೊಂಡು ಹೋಗುತ್ತಾರೆ.

ಈಗ ಜಾಗಕ್ಕೆ ಬರವಿಲ್ಲ. ಸ್ವೀಡನ್ನಿನ ಎಲೆಕ್ಟ್ರಾನ್ ಕಂಪನಿಯ 2017ರ ಡಿಜಿಟ್ಯಾಕ್ಟ್ ಯಂತ್ರದಲ್ಲಿ ಧ್ವನಿಗೆ 8 ಮೊನೊ ಟ್ರ್ಯಾಕ್‌ಗಳಿದ್ದವು. 2024ರ ಡಿಜಿಟ್ಯಾಕ್ಟ್ 2ರಲ್ಲಿ 16, ಅವೂ ಸ್ಟೀರಿಯೊ. ಸಂಗ್ರಹ 1 ಜಿಬಿಯಿಂದ 20 ಜಿಬಿಗೆ ಏರಿದೆ.

ಹಾಗಂತ ಎಲ್ಲರಿಗೂ ಹೊಸದೇ ಬೇಕೆಂದಿಲ್ಲ. ಕಿಕ್, ಸ್ನೇರ್, ಹೈಹ್ಯಾಟ್ ಜೋಡಿಸಿ ತಾಳ ಕಟ್ಟುವವರಿಗೆ 8 ಮೊನೊ ಟ್ರ್ಯಾಕ್ ಧಾರಾಳ. ಹಾಡಿನ ತುಣುಕುಗಳನ್ನು ಸ್ಟೀರಿಯೊದಲ್ಲೇ ಕತ್ತರಿಸಿ ವೇದಿಕೆಯಲ್ಲಿ ನುಡಿಸುವವರಿಗೆ ಮಾತ್ರ ಹೊಸದು ನಿಜಕ್ಕೂ ಉಪಯೋಗ. ಕರೆಂಟಿನ ಹಂಗಿಲ್ಲದೆ ನುಡಿಸಬೇಕೆನ್ನುವವರಿಗೆ ರೋಲ್ಯಾಂಡ್ ಎಸ್‌ಪಿ-404 ಎಂಕೆ 2 ಇದೆ. 6 ಎಎ ಸೆಲ್ ಹಾಕಿದರೆ ಆಯಿತು.

ಇನ್ನೊಂದು, ಬೆರಳಿನ ವಿಷಯ.

ಡೆಟ್ರಾಯಿಟ್‌ನ ಹಿಪ್‌ಹಾಪ್ ನಿರ್ಮಾಪಕ ಜೆ ಡಿಲ್ಲಾ ಅಕಾಯ್ ಎಂಪಿಸಿ 3000ರ ಪ್ಯಾಡ್‌ಗಳನ್ನು ಬೆರಳಲ್ಲೇ ಬಾರಿಸಿ, ತುಸು ಹಿಂದೆಮುಂದೆ ವಾಲುವ ಲಯ ಕಟ್ಟಿದರು. ಅವರ ಎಂಪಿಸಿ ಇಂದು ಅಮೆರಿಕದ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ. ಡಿಜಿಟ್ಯಾಕ್ಟ್‌ನ ಗುಂಡಿಗಳು, ಹಳೆಯದರಲ್ಲಾಗಲಿ ಹೊಸದರಲ್ಲಾಗಲಿ, ಬೆರಳಿನ ಬಲ ಗುರುತಿಸುವುದಿಲ್ಲ. ಮೆಲ್ಲಗೆ ಒತ್ತಿದರೂ ಗಟ್ಟಿಯಾಗಿ ಬಡಿದರೂ ಒಂದೇ ಸದ್ದು. ಕೈಯಾರೆ ಬಾರಿಸುವ ಆಸೆಯಿದ್ದವರು ಎಂಪಿಸಿಯನ್ನೇ ಕೊಳ್ಳಲಿ.

ಹಳೆಯ ಡಿಜಿಟ್ಯಾಕ್ಟ್ ಮನೆಯಲ್ಲಿರುವವರು, ಅದರ 8 ಟ್ರ್ಯಾಕ್ ಪದೇ ಪದೇ ಸಾಲದೆ ಬಂದರಷ್ಟೇ ಹೊಸದಕ್ಕೆ ಹಣ ಹಾಕಲಿ.